‘ಹಗೆ’ ಶಬ್ದದ ಅರ್ಥವಿಚಾರ

ಹಗೆ, ವೈರ, ದ್ವೇಷ ಎಂಬ ಮೂರು ಮಾತುಗಳನ್ನು ಪರ್ಯಾಯಪದಗಳೆಂದು ಬಳಸುವುದು ನಮ್ಮಲ್ಲಿ ರೂಢಿಯಾಗಿದೆ. ಕೋಶಗಳೂ ಒಂದರ ಅರ್ಥವನ್ನು ಮತ್ತೊಂದರಿಂದ ಹೇಳಿ ಮುಗಿಸುವುದುಂಟು. ನಿತ್ಯವ್ಯವಹಾರಕ್ಕೆ ಇದರಿಂದ ಬಾಧಕವಿಲ್ಲ; ಕಾವ್ಯದ ಅರ್ಥನಿರ್ಣಯಕ್ಕೆ ಮಾತ್ರ ಬಾಧಕವುಂಟು.

‘ಹಗೆ’ಯ ಹಳಗನ್ನಡ ರೂಪ ‘ಪಗೆ’. ಪಾಲ್ ಹಾಲಾದಂತೆ, ಪುಲಿ ಹುಲಿಯಾದಂತೆ ಪಗೆ ಹಗೆಯಾಯಿತು. ತಮಿಳಿನಲ್ಲಿ ಇದು ‘ಪಗೈ’, ತೆಲುಗಿನಲ್ಲಿ ‘ಪಗ’. ತಮಿಳಿನ ಪದಾಂತ್ಯದ ಐಕಾರಕ್ಕೆ ಕನ್ನಡದಲ್ಲಿ ಎಕಾರ ಬರುವುದು ತಲೈ–ತಲೆ, ಮಲೈ–ಮಲೆ ಎಂಬಲ್ಲಿ ಕಾಣುವ ನಿಯಮವೇ. ಆದುದರಿಂದ ಈ ಶಬ್ದವು ದ್ರಾವಿಡ ಭಾಷೆಗಳ ಸಮಾನ ಸೊತ್ತೆಂಬುದು ಸ್ಪಷ್ಟ. ಧಾನ್ಯವನ್ನು ತುಂಬಿಡುವ ನೆಲಗುಣಿಗೂ ‘ಹಗೆ’ಯೆಂಬ ಹೆಸರುಂಟು, ಅದನ್ನು ಇದರೊಡನೆ ಬೆರಸಲಾಗದು.

ಇನ್ನು ಧಾತುವಿನ ವಿಚಾರ. ತಮಿಳಿನ ‘ಪಗು’ ಎಂದರೆ ಒಡೆ, ಪಾಲಾಗು, ಬೇರೆಯಾಗು. ಭಾಗವೆಂಬ ಅರ್ಥದ ‘ಪಗುದಿ’ ಚೆನ್ನೈಯಲ್ಲಿರುವ ಕನ್ನಡಿಗರ ಕಿವಿಗೆ ದಿನವೂ ಬೀಳುವ ಮಾತು. ತಿರುಕ್ಕುರಳಿನ 86ನೆಯ ಅಧಿಕಾರದ ಮೊದಲ ಪದ್ಯದಲ್ಲಿ ‘ಪಗಲ್’ ಎಂಬುದಕ್ಕೆ ಹಗಲೆಂಬ ಅರ್ಥವಲ್ಲ, ಕೂಡಿ ಬಾಳದಿರುವಿಕೆ ಎಂಬ ಅರ್ಥ. 89ನೆಯ ಅಧಿಕಾರವಂತೂ ಪೂರ್ತಿಯಾಗಿ ‘ಉಟ್‌ಪಗೈ’ಗೆ, ಎಂದರೆ ಒಳಹಗೆಗೆ, ಮೀಸಲು. ಹಗೆಯ ಮೂಲಾರ್ಥ ಒಡಕೆಂದು ತಿಳಿಯಲು ಇಷ್ಟು ಆಧಾರ ಸಾಲದೆ? ಒಡೆಯಬೇಕಾದರೆ ಮೊದಲು ಒಂದಾಗಿರಬೇಕು.

‘ವೈರ’ದ ನೆಲೆ ಬೇರೆ. ಅದು ‘ವೀರ’ ಶಬ್ದದಿಂದ ಬಂದುದು. ಆಪಸ್ತಂಬ ಧರ್ಮಸೂತ್ರವು ಕ್ಷತ್ರಿಯನನ್ನು ಕೊಂದವನು ವೈರನಿವಾರಣೆಗಾಗಿ 1000 ಗೋವುಗಳನ್ನು ಕೊಡಬೇಕೆಂದು ವಿಧಿಸುತ್ತದೆ. ವೈಶ್ಯನನ್ನು ಕೊಂದರೆ 100, ಶೂದ್ರನನ್ನು ಕೊಂದರೆ 10. ವೈರವು ಹೀಗೆ ಬೆಲೆ ಕಟ್ಟಿ ಸಲ್ಲಿಸಬಹುದಾದ ಒಂದು ಋಣ. ‘ದ್ವೇಷ’ವಾದರೋ ಮನಸ್ಸಿನ ವಿಕಾರ, ಅದಕ್ಕೆ ಎದುರಾಳಿಯ ಅರಿವೂ ಬೇಕಿಲ್ಲ. ‘ಸಾಲ ತೀರಿಸು’ ಎಂಬಂತೆ ‘ಹಗೆ ತೀರಿಸು’ ಎಂದು ನಾವು ಆಡುವಾಗ ಹಗೆಯನ್ನೂ ವೈರದ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಆದರೆ ಒಡಕು ಸಲ್ಲಿಕೆಯಿಂದ ತೀರುವುದಲ್ಲ. ಕೂಡಿದರೆ ಮಾತ್ರ ತೀರುವುದು.

ಈ ಭೇದವು ವಿಮರ್ಶೆಗೆ ಹೇಗೆ ಒದಗುವುದೆಂಬುದಕ್ಕೆ ರನ್ನನ ‘ಗದಾಯುದ್ಧ’ವನ್ನು ನೋಡಬಹುದು. ರಣರಂಗದಲ್ಲಿ ನಡೆದುಬರುವ ದುರ್ಯೋಧನನು ಅಭಿಮನ್ಯುವಿನ ಕಳೇಬರದ ಮುಂದೆ ನಿಂತು ಅವನ ಪರಾಕ್ರಮವನ್ನು ಕೊಂಡಾಡುತ್ತಾನೆ. ವೈರದ ದೃಷ್ಟಿಯಿಂದ ಇದು ವೀರನು ವೀರನಿಗೆ ಸಲ್ಲಿಸಿದ ಮನ್ನಣೆ. ಅಲ್ಲಿಗೆ ಮಾತು ಮುಗಿಯಿತು. ಹಗೆಯ ದೃಷ್ಟಿಯಿಂದ ನೋಡಿದರೆ ಬಿದ್ದಿರುವವನು ದಾಯಾದಿಯ ಮಗ, ಒಡೆದ ಮನೆಯ ಕೂಸು. ಆ ಮೆಚ್ಚುಗೆಯೊಳಗೆ, ಒಡೆಯುವ ಮುಂಚಿನ ಮನೆಯ ನೆನಪೂ ಇದೆ. ಛಲದಂಕನೆಂದು ಹೆಸರಾದವನ ದುರಂತ ನಮ್ಮನ್ನು ತಟ್ಟುವುದು ಈ ಎರಡನೆಯ ಅರ್ಥದಿಂದ. ಮೂರು ಮಾತುಗಳನ್ನು ಒಂದೆಂದು ಎಣಿಸುವ ವಿಮರ್ಶಕನಿಗೆ ಆ ಅರ್ಥ ದಕ್ಕಲಾರದು.