ನಾಲ್ಕು-ಸೊನ್ನೆ ಸಾಕಾಗಲಿಲ್ಲವಾ?

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತ ಗೆದ್ದ ಮೊದಲ ಹಾಕಿ ಚಿನ್ನದ ಕಥೆ 'ಗೋಲ್ಡ್'. ರೀಮಾ ಕಾಗ್ತಿ ನಿರ್ದೇಶನ, ಅಕ್ಷಯ್ ಕುಮಾರ್ ಹೀರೋ, ತೆರೆಗೆ ಬಂದಿದ್ದು 2018ರ ಆಗಸ್ಟ್ 15ಕ್ಕೆ. ಸಿನಿಮಾ ಬೋರ್ ಹೊಡೆಸಲ್ಲ. ಆದರೂ ನನ್ನದೊಂದು ತಕರಾರಿದೆ.

ಚಿತ್ರದ ಫೈನಲ್‌ನಲ್ಲಿ ಭಾರತ ಹಿಂದೆ ಬಿದ್ದು, ಹೆಣಗಾಡಿ ಗೆಲ್ಲುತ್ತದೆ. ವೆಂಬ್ಲಿಯಲ್ಲಿ ನಡೆದದ್ದೇ ಬೇರೆ. ಕಿಶನ್ ಲಾಲ್ ನಾಯಕತ್ವದ ತಂಡ ಬ್ರಿಟನ್ನನ್ನು 4-0ರಿಂದ ಸೋಲಿಸಿತ್ತು. ಎರಡು ಗೋಲು ಬಲ್ಬೀರ್ ಸಿಂಗ್ ಅವರದು. 1928, 1932, 1936ರಲ್ಲಿ ನಾವು ಚಿನ್ನ ಗೆದ್ದಾಗ ಬ್ರಿಟನ್ ಹಾಕಿಗೆ ತಂಡವನ್ನೇ ಇಳಿಸಿರಲಿಲ್ಲ. ಒಲಿಂಪಿಕ್ಸ್‌ನಲ್ಲಿ ಎದುರಾದ ಮೊದಲ ಸಲವೇ, ಸ್ವಾತಂತ್ರ್ಯಕ್ಕೆ ವರ್ಷ ತುಂಬಲು ಮೂರು ದಿನ ಇರುವಾಗ, ಅವರ ನೆಲದಲ್ಲೇ ಈ ಸೋಲು! ಇದಕ್ಕಿಂತ ಡ್ರಾಮಾ ಬೇಕಾ? ಉಸಿರು ಬಿಗಿಹಿಡಿಯೋ ಪಂದ್ಯವೇ ಬೇಕಿದ್ದರೆ ನೆದರ್ಲೆಂಡ್ಸ್ ಜೊತೆಗಿನ 2-1ರ ಸೆಮಿಫೈನಲ್ ಇತ್ತಲ್ಲ.

ನಮ್ಮ ಬುಕ್ಕಾಂಬುಧಿ ಕಡೆ ಕಬಡ್ಡಿ ಒಂದೇ ಕಡೆ ವಾಲಿದರೂ ಜನ ಎದ್ದು ಹೋಗಲ್ಲ. ಸೋಲ್ತಿರೋರು ಜಂಬದವರಾದರಂತೂ ಕೊನೇ ಪಾಯಿಂಟ್‌ವರೆಗೂ ಕೂರ್ತಾರೆ.

ಸಿನಿಮಾ ನಿಜಕ್ಕೆ ಹತ್ತಿರವಾಗೋದು ಇಮ್ತಿಯಾಜ್ ಪಾತ್ರದಲ್ಲಿ. ಭಾರತಕ್ಕೆ ಆಡಿ, ವಿಭಜನೆಯಾದ ಮೇಲೆ ಪಾಕಿಸ್ತಾನದ ನಾಯಕನಾಗುವವನು. 1936ರಲ್ಲಿ ನಮಗೆ ಆಡಿದ್ದ ದಾರಾ 1948ರಲ್ಲಿ ಪಾಕ್ ಕ್ಯಾಪ್ಟನ್ ಆಗಿದ್ದರು. ಆ ಸಂಕಟವನ್ನು ವಿನೀತ್ ಕುಮಾರ್ ಸಿಂಗ್ ಅಬ್ಬರವಿಲ್ಲದೆ ತೋರಿಸಿದ್ದಾರೆ. ಅಲ್ಲಿ ಇತಿಹಾಸವನ್ನು ನಂಬಿದ ನಿರ್ದೇಶಕಿ, ಫೈನಲ್‌ನಲ್ಲಿ ಯಾಕೆ ನಂಬಲಿಲ್ಲ?

ನೋಡಿ, ಖಂಡಿತ ನೋಡಿ. ಆದರೆ ನಿಮ್ಮ ಮಕ್ಕಳು ಸ್ಕೋರ್ ಎಷ್ಟು ಅಂತ ಕೇಳಿದರೆ 4-0 ಅಂತಲೇ ಹೇಳಿ.