ಗ್ರೀಕ್ ನಗರರಾಜ್ಯಗಳೂ ದಖ್ಖನದ ಸುಲ್ತಾನರೂ: ಒಂದು ಹೋಲಿಕೆಯ ವಿಮರ್ಶೆ

ದಖ್ಖನದ ಇತಿಹಾಸವನ್ನು ಬೋಧಿಸುವ ನಾವು ತರಗತಿಯಲ್ಲಿ ಒಂದು ಹೋಲಿಕೆಯನ್ನು ಪದೇ ಪದೇ ಬಳಸುತ್ತ ಬಂದಿದ್ದೇವೆ. ಗ್ರೀಕ್ ನಗರರಾಜ್ಯಗಳು ತಮ್ಮತಮ್ಮೊಳಗೆ ಕಾದಾಡಿ ಬಳಲಿದವು, ಕ್ರಿ. ಪೂ. 338ರಲ್ಲಿ ಕೈರೊನೀಯಾದ ಕದನದಲ್ಲಿ ಉತ್ತರದ ಮ್ಯಾಸಿಡೋನಿಯದ ಕೈ ಮೇಲಾಯಿತು. ಅಂತೆಯೇ ದಖ್ಖನದ ಸುಲ್ತಾನರು ಪರಸ್ಪರ ಹೋರಾಡಿ ಕಡೆಗೆ ಉತ್ತರದ ಮೊಗಲರಿಗೆ ತುತ್ತಾದರು. ಈ ಮಾತು ಕೇಳಲು ಇಂಪಾಗಿದೆ, ಪರೀಕ್ಷೆಯಲ್ಲಿ ಬರೆಯಲೂ ಸುಲಭವಾಗಿದೆ. ಆದರೆ ಅದು ಎಲ್ಲಿಯವರೆಗೆ ನಿಲ್ಲುವುದೆಂಬುದನ್ನು ಪರಿಶೀಲಿಸುವುದು ಅವಶ್ಯ.

ಹೊರನೋಟಕ್ಕೆ ಸಾಮ್ಯವಿರುವುದು ನಿಜ. 1347ರಲ್ಲಿ ಸ್ಥಾಪಿತವಾದ ಬಹಮನಿ ರಾಜ್ಯವು ಒಡೆದು ಐದಾಯಿತು. ಆ ಐವರ ಮೈತ್ರಿ ಋತುಮಾನದಂತೆ ಬದಲಾಗುತ್ತಿತ್ತು. ವಿಜಯನಗರದ ರಾಮರಾಯನು 1543ರಲ್ಲಿ ಅಹಮದನಗರದೊಡನೆ ಕೂಡಿ ವಿಜಾಪುರವನ್ನು ಎದುರಿಸಿದನು. 1558ರಲ್ಲಿ ಅದೇ ವಿಜಾಪುರದೊಡನೆ ಸೇರಿ ಅಹಮದನಗರದ ಮೇಲೆ ಏರಿಹೋದನು. ಪರ್ಷಿಯದ ಅರಸನು ಸ್ಪಾರ್ಟಾಕ್ಕೆ ಹೊನ್ನು ನೀಡಿ ಅಥೆನ್ಸನ್ನು ಕುಗ್ಗಿಸಿದ ರೀತಿಯೂ ಇದೇ ಅಲ್ಲವೇ? ಸೊಲ್ಲಾಪುರದ ಕೋಟೆಗಾಗಿ ವಿಜಾಪುರ, ಅಹಮದನಗರಗಳು ದೀರ್ಘಕಾಲ ಬಡಿದಾಡಿದವು. ಕಡೆಗೆ ಅದು ಚಾಂದಬೀಬಿಯ ವಿವಾಹದಲ್ಲಿ ಬಳುವಳಿಯಾಗಿ ವಿಜಾಪುರಕ್ಕೆ ಬಂದಿತು. ಆ ನಂಟಿನ ಬಲದಿಂದಲೇ 1565ರ ಒಕ್ಕೂಟವು ಸಾಧ್ಯವಾಯಿತು. ಸೊಲ್ಲಾಪುರಕ್ಕೂ ಕಲಬುರಗಿಗೂ ನಡುವೆ ಇರುವ ಆಳಂದ, ಭೀಮೆಯ ಉತ್ತರಕ್ಕಿರುವ ಅಫಜಲಪುರ, ದಕ್ಷಿಣಕ್ಕಿರುವ ಜೇವರ್ಗಿ, ಇವು ಇಂಥ ಗಡಿನಾಡಿನ ಊರುಗಳು.

ಕಾರಣಗಳ ವಿಚಾರಕ್ಕೆ ಬಂದಾಗ ಮೊದಲ ತೊಡಕು ಕಾಣಿಸುತ್ತದೆ. ಥ್ಯೂಸಿಡಿಡೀಸನು ಕ್ರಿ. ಪೂ. 431ರಿಂದ 404ರವರೆಗಿನ ಪೆಲೊಪೊನೀಸಿಯನ್ ಯುದ್ಧದಲ್ಲಿ ಸ್ವತಃ ದಂಡನಾಯಕನಾಗಿದ್ದು, ಆಂಫಿಪೊಲಿಸನ್ನು ಉಳಿಸಿಕೊಳ್ಳಲಾರದೆ ದೇಶಭ್ರಷ್ಟನಾದವನು. ಬಾಯಲ್ಲಿ ಆಡಿದ ನೆವಗಳು ಬೇರೆ, ಅಥೆನ್ಸಿನ ಏಳಿಗೆಯಿಂದ ಸ್ಪಾರ್ಟಾಕ್ಕೆ ಹುಟ್ಟಿದ ಅಂಜಿಕೆಯೆಂಬ ನಿಜವಾದ ಕಾರಣ ಬೇರೆ ಎಂದು ಅವನು ವಿಂಗಡಿಸಿದನು. ಫೆರಿಸ್ತನಾದರೋ ಗೆದ್ದ ಪಕ್ಷವಾದ ವಿಜಾಪುರದ ಆಸ್ಥಾನದ ಆಶ್ರಯದಲ್ಲಿ, ಕದನ ಮುಗಿದು ದಶಕಗಳಾದ ಮೇಲೆ ಬರೆದನು. ರಾಮರಾಯನು ಮತವನ್ನು ಅವಮಾನಿಸಿದನೆಂಬ ಅವನ ದೂರನ್ನೇ ಮೂಲಕಾರಣವೆಂದು ಒಪ್ಪಿದರೆ, ಆತನೊಡನೆ ಸುಲ್ತಾನರು ಅದುವರೆಗೆ ಮಾಡಿಕೊಂಡ ಮೈತ್ರಿಗಳಿಗೆ ಅರ್ಥವೇ ಉಳಿಯುವುದಿಲ್ಲ. ಆದುದರಿಂದ ಥ್ಯೂಸಿಡಿಡೀಸನ ವಿಂಗಡಣೆಯನ್ನು ಫೆರಿಸ್ತನ ಬರೆಹಕ್ಕೆ ಅನ್ವಯಿಸಬೇಕೇ ಹೊರತು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ಇಡಲಾಗದು.

ಎರಡನೆಯ ತೊಡಕು ಇನ್ನೂ ಆಳವಾದುದು. ಗ್ರೀಸಿನಲ್ಲಿ ಯುದ್ಧವು ಆಳುವವರನ್ನಷ್ಟೇ ಅಲ್ಲ, ಆಳ್ವಿಕೆಯ ಸ್ವರೂಪವನ್ನೇ ಬದಲಿಸುತ್ತಿತ್ತು. ಕ್ರಿ. ಪೂ. 415ರಲ್ಲಿ ಸಿಸಿಲಿಯ ದಂಡಯಾತ್ರೆಗೆ ಸಮ್ಮತಿ ಕೊಟ್ಟವರು ಅಥೆನ್ಸಿನ ಸಭೆಯ ಪೌರರು. ಅಲ್ಲಿ ಹೋಗಿ ಮಡಿದವರಲ್ಲಿಯೂ ಆ ಪೌರರಿದ್ದರು. ಆ ಸೋಲಿನ ಫಲವಾಗಿ 411ರಲ್ಲಿ ನಾನೂರು ಜನರ ಆಡಳಿತ ಬಂದಿತು; 404ರಲ್ಲಿ ಮೂವತ್ತು ಮಂದಿಯ ದಬ್ಬಾಳಿಕೆ ಬಂದಿತು; 403ರಲ್ಲಿ ಜನಸತ್ತೆ ಮರಳಿತು. ನಮ್ಮಲ್ಲಿ ಹಾಗಾಗಲಿಲ್ಲ. ಚಾಲುಕ್ಯರ ಕಾಲದ ಶಾಸನಗಳಲ್ಲಿ ಆಳಂದೆ ಸಾಸಿರವೆಂದು ಹೆಸರಾದ ನಾಡು ಬಹಮನಿ, ಆದಿಲಶಾಹಿ, ಮೊಗಲ, ನಿಜಾಮ ಪ್ರಭುತ್ವಗಳನ್ನು ಕಂಡಿತು. ಕಂದಾಯ ಸೇರುವ ಖಜಾನೆ ಬದಲಾಯಿತು, ಕಾಗದದ ಮೇಲಿನ ಮುದ್ರೆ ಬದಲಾಯಿತು. ಆದರೆ ಗೌಡ, ಕುಲಕರ್ಣಿ, ದೇಸಾಯಿಗಳ ವಂಶಪಾರಂಪರ್ಯದ ವತನದಾರಿ ಬಹುಮಟ್ಟಿಗೆ ಮುಂದುವರಿಯಿತು. 1686ರಲ್ಲಿ ವಿಜಾಪುರ ಬಿದ್ದಾಗ ಜೇವರ್ಗಿಯ ಒಕ್ಕಲಿಗನಿಗೆ ಒಡೆಯ ಬೇರೆಯಾದನು. ಒಕ್ಕಲಿಗನು ಮಾತ್ರ ಪೌರನಾಗಲಿಲ್ಲ.

ಹಾಗಾದರೆ ಗ್ರೀಕರು ರಾಜಕೀಯ ಪರಿವರ್ತನೆ ಎಂದುದಕ್ಕೆ ಸಮನಾದುದು ಈ ನೆಲದಲ್ಲಿ ಯಾವಾಗ ನಡೆಯಿತು? 1565ರಲ್ಲಿ ಅಲ್ಲ, 1686ರಲ್ಲಿಯೂ ಅಲ್ಲ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನವು ಭಾರತದಲ್ಲಿ ಸೇರಿತು; 1949ರಲ್ಲಿ ಜಹಗೀರುಗಳು ರದ್ದಾದವು; 1952ರ ಚುನಾವಣೆಯಲ್ಲಿ ಈ ಮೂರೂ ತಾಲ್ಲೂಕುಗಳ ಜನರು ಮತ ನೀಡಿದರು; 1956ರಲ್ಲಿ ಅವರು ಮೈಸೂರು ರಾಜ್ಯಕ್ಕೆ ಸೇರಿದರು. ಈ ಎಂಟು ವರುಷಗಳೇ ನಿಜವಾದ ಹೋಲಿಕೆಗೆ ತಕ್ಕವು. ಇಲ್ಲಿಯೂ ಒಂದು ಭೇದವನ್ನು ಮರೆಯಬಾರದು. ಅಥೆನ್ಸಿನ ಸಭೆಯಲ್ಲಿ ಹೆಂಗಸರಿಗೆ, ಗುಲಾಮರಿಗೆ, ಪರಸ್ಥಳದಿಂದ ಬಂದು ನೆಲಸಿದವರಿಗೆ ಸ್ಥಾನವಿರಲಿಲ್ಲ. 1952ರ ಮತಗಟ್ಟೆಯಲ್ಲಿ ಹೊಲದ ಆಳಿನ ಹೆಂಡತಿಗೂ ಜಹಗೀರುದಾರನಿಗೂ ಮತ ಒಂದೇ ಆಗಿತ್ತು.

ಹೋಲಿಕೆಯನ್ನು ಕೈಬಿಡಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದರ ಮುಖವನ್ನು ತಿರುಗಿಸಬೇಕೆಂಬುದೇ ಸೂಚನೆ. ಯಾರು ಗೆದ್ದರೆಂದು ಕೇಳುವುದರ ಜೊತೆಗೆ, ಗೆದ್ದ ಮೇಲೆ ಊರಿನಲ್ಲಿ ಯಾರ ಮಾತು ನಡೆಯಿತೆಂದು ವಿದ್ಯಾರ್ಥಿಯು ಕೇಳಲಿ. ಆಳಂದ, ಅಫಜಲಪುರ, ಜೇವರ್ಗಿಗಳಿಂದ ಬರುವ ವಿದ್ಯಾರ್ಥಿಗಳ ಊರುಗಳಲ್ಲಿಯೇ ಆ ಪ್ರಶ್ನೆಗೆ ಉತ್ತರ ಹುಡುಕಲು ಬೇಕಾದ ಶಾಸನಗಳೂ ವತನದ ಕಾಗದಗಳೂ 1952ರಲ್ಲಿ ಮತ ಹಾಕಿದವರ ಮನೆಮಾತುಗಳೂ ಉಳಿದಿರಬಹುದು. ಕೈರೊನೀಯಾಕ್ಕೆ ಹೊರಡುವ ಮುನ್ನ ಅವನ್ನು ನೋಡಿಕೊಂಡು ಹೋಗುವುದು ಲೇಸು.