ಹಾರಿಹೋದ ಓತಿ, ಉಳಿದುಹೋದ ಪ್ರಶ್ನೆ

ಬೇಸಿಗೆ ರಜೆಗೆ ಬಂದಿದ್ದ ಅಕ್ಕನ ಮಗಳಿಗೆ ಪಶ್ಚಿಮ ಘಟ್ಟದ ಮೇಲೆ ಶಾಲೆಯ ಪ್ರಾಜೆಕ್ಟ್ ಇತ್ತು. ಸುಮಾರು 1600 ಕಿಲೋಮೀಟರ್ ಉದ್ದ, ಹಿಮಾಲಯಕ್ಕಿಂತ ಹಳೆಯದು, 2012ರಲ್ಲಿ ಇಲ್ಲಿನ 39 ತಾಣಗಳು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ನಾನು ಹೇಳಿದ್ದನ್ನೆಲ್ಲ ಬರೆದುಕೊಂಡು ಹತ್ತು ವರ್ಷದ ಹುಡುಗಿ ಪುಸ್ತಕ ಮುಚ್ಚಿದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮರುದಿನ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಓದಿ ಹೇಳತೊಡಗಿದೆ. ಆಮೇಲೆ ಪ್ರಶ್ನೆಗಳು ನಿಲ್ಲಲೇ ಇಲ್ಲ.

‘ಕರ್ವಾಲೊ’ ಮಕ್ಕಳಿಗಾಗಿ ಬರೆದ ಕಾದಂಬರಿಯಲ್ಲ. ಆದರೆ ಮಕ್ಕಳಿಗೆಂದೇ ಬರೆದ ಎಷ್ಟೋ ಪುಸ್ತಕಗಳು ಮಾಡದ ಕೆಲಸವನ್ನು ಅದು ಮಾಡುತ್ತದೆ. ಅಂಥ ಪುಸ್ತಕಗಳಲ್ಲಿ ಘಟ್ಟ ಒಂದೋ ಮಾಹಿತಿಯ ಪಟ್ಟಿ, ಇಲ್ಲವೇ ಕಾಪಾಡಬೇಕಾದ ರೋಗಿ. ಕಾಡನ್ನು ಕಾಣುವ ಮೊದಲೇ ಅದರ ಹೊಣೆ ಮಗುವಿನ ತಲೆಗೆ ಬೀಳುತ್ತದೆ. ತೇಜಸ್ವಿ ಹೊಣೆ ಹೊರಿಸುವುದಿಲ್ಲ, ಹುಡುಕಲು ಹೊರಡಿಸುತ್ತಾರೆ. ವಿಜ್ಞಾನಿ ಕರ್ವಾಲೊಗೆ ದಾರಿ ತೋರಿಸುವವನು ಊರವರ ಕಣ್ಣಿಗೆ ಯಾತಕ್ಕೂ ಬಾರದ ಮಂದಣ್ಣ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಮಗುವಿಗೂ ಈ ಕಾಡಿನಲ್ಲಿ ಜಾಗವಿದೆ. ಕೊನೆಯಲ್ಲಿ ಹಾರುವ ಓತಿ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಬೆಟ್ಟದ ಪ್ರಾಚೀನತೆ ನನ್ನ ಪಟ್ಟಿಯಲ್ಲಿ ಒಂದು ಸಾಲಾಗಿತ್ತು. ಇಲ್ಲಿ ಅದಕ್ಕೆ ಜೀವವಿದೆ, ರೆಕ್ಕೆಯಂಥ ಚರ್ಮವಿದೆ.

ಓದು ಮುಗಿದ ರಾತ್ರಿ ಅವಳು ಕೇಳಿದಳು: “ಚಿಕ್ಕಿ, ಇವರ ಜೊತೆ ಹುಡುಗೀರು ಯಾರೂ ಹೋಗ್ಲೇ ಇಲ್ವಾ?”

ನಾಲ್ಕು ವರ್ಷದಿಂದ ತೇಜಸ್ವಿಯವರ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಕಿವಿ ಎಂಬ ನಾಯಿಗೂ ಪಾತ್ರವಿರುವ ಕಥೆಯಲ್ಲಿ, ಓತಿ ಹುಡುಕಲು ಹೊರಟವರೆಲ್ಲ ಗಂಡಸರು. ಮಲೆನಾಡಿನಲ್ಲಿ ಸೌದೆ, ತರಗೆಲೆ, ಅಣಬೆ ಎಂದು ಕಾಡಿಗೆ ಹೋಗುವ ಹೆಂಗಸರ ತಿಳಿವಳಿಕೆ ಮಂದಣ್ಣನದಕ್ಕಿಂತ ಕಡಿಮೆಯೇನಲ್ಲ. ಆದರೆ ಅದು ಇಲ್ಲಿ ಶೋಧ ಎನಿಸಿಕೊಳ್ಳುವುದಿಲ್ಲ. ‘ಆ ಕಾಲವೇ ಹಾಗಿತ್ತು’ ಎಂದು ಸಮಜಾಯಿಷಿ ಕೊಡಬಹುದಿತ್ತು. ಕೇಳಿದವಳಿಗೆ ಅದು ಉತ್ತರವಾಗುತ್ತಿರಲಿಲ್ಲ.

ಇದರಿಂದ ಕಾದಂಬರಿ ಸಣ್ಣದಾಗುವುದಿಲ್ಲ. ಕಾಡಿಗೆ ಹೋಗುವ ಆಸೆಯನ್ನು ಅವಳಲ್ಲಿ ಹುಟ್ಟಿಸಿದ್ದೇ ಅದು. ಆಸೆ ಹುಟ್ಟಿದ್ದರಿಂದಲೇ ತನ್ನ ಜಾಗ ಎಲ್ಲಿ ಎಂದು ಅವಳು ಹುಡುಕಿದಳು. ಮಂದಣ್ಣನ ಜಾಗದಲ್ಲಿ ಒಬ್ಬ ಹುಡುಗಿ ನಿಂತು ದಾರಿ ತೋರಿಸುವ ಪುಸ್ತಕವನ್ನು ಯಾರಾದರೂ ಬರೆಯಬೇಕು. ಅಲ್ಲಿಯವರೆಗೆ ‘ಕರ್ವಾಲೊ’ವನ್ನೇ ಓದಿ ಹೇಳುತ್ತೇನೆ, ಅವಳ ಪ್ರಶ್ನೆಯನ್ನೂ ಸೇರಿಸಿ.